ತೊಟ್ಟಿಲಿಗೆ ಬಾರದ ಗುಂಡು

ಆ ದಿನ ಬೆಳಗಾದರೂ ಬೆಳಕಾಗಲಿಲ್ಲ. ಎರಡು ದಿನ ಹಿಡಿದಿದ್ದ ಜಡಿಮಳೆ ರಾತ್ರಿ ನಿಂತು, ಅದರ ಬೆನ್ನಿಗೇ ಮಂಜು ಇಳಿದಿತ್ತು. ದೊಡ್ಡಬೆಳವಂಗಲದಿಂದ ಒಳಗೆ ಬರುವ ರಸ್ತೆ, ರಸ್ತೆ ಪಕ್ಕದ ಅರಳಿಕಟ್ಟೆ, ಕಟ್ಟೆಯ ಮೇಲಿನ ನಾಗರಕಲ್ಲುಗಳು, ಎಲ್ಲವನ್ನೂ ಯಾರೋ ಒದ್ದೆ ಪಂಚೆ ಹೊದಿಸಿ ಮುಚ್ಚಿಟ್ಟ ಹಾಗಿತ್ತು. ಕೊಯ್ಲಿಗೆ ಬಂದ ರಾಗಿ ಮಳೆಗೆ ತಲೆ ಬಾಗಿಸಿ ನಿಂತಿತ್ತು. ಹುಲ್ಲಿನ ಎಸಳು ಎಸಳಿಗೂ ಇಬ್ಬನಿ. ಕಾರ್ತಿಕದ ಮಂಜು ಅಂದರೆ ದೇವರು ಕಣ್ಣುಜ್ಜಿಕೊಳ್ಳುವ ಹೊತ್ತು ಎಂದು ಹಿಂದಿನವರು ಹೇಳುತ್ತಿದ್ದರು. ಆಮೇಲೆ ಅವನು ಕಣ್ಣು ಬಿಡುತ್ತಾನೆ. ಏನೇನು ಕಾಣಬೇಕೋ ಅದೆಲ್ಲ ಕಾಣುತ್ತದೆ.

ಅಪ್ಪಯ್ಯಣ್ಣನ ಮನೆಯ ಹಿತ್ತಲಲ್ಲಿ ಮಾತ್ರ ಜಗಳ ಅಷ್ಟು ಹೊತ್ತಿಗೇ ಕಣ್ಣು ಬಿಟ್ಟಿತ್ತು.

"ಗುಂಡೆಲ್ಲಮ್ಮೀ?"

ಕೇಳಿದವಳು ಅಪ್ಪಯ್ಯಣ್ಣನ ಹೆಂಡತಿ ಭಾಗ್ಯಮ್ಮ. ಮೂಲೆಯಲ್ಲಿದ್ದ ಒರಳುಕಲ್ಲಿನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ನಲ್ಲಿಯ ಕೆಳಗೆ ದೊಡ್ಡ ತಪ್ಪಲೆ ಉಜ್ಜುತ್ತಿದ್ದ ಹಿರಿಸೊಸೆ ಬಿಂದುಶ್ರೀ ತಲೆಯೆತ್ತಿದಳು.

"ಯಾವ ಗುಂಡು ಅತ್ತೆ?"

"ಯಾವ ಗುಂಡಂತೆ! ರುಬ್ಬುಗುಂಡು ಕಣೇ. ನಮ್ಮತ್ತೆ ಕಾಲದ್ದು. ಇಲ್ಲೇ ಇತ್ತಲ್ಲ, ಅದಕ್ಕೇನು ಕಾಲು ಬಂದ್ವಾ?"

ಒರಳಿನಲ್ಲಿ ಮಳೆನೀರು ತುಂಬಿತ್ತು. ನೀರಿನ ಮೇಲೆ ಒಂದು ಕೋಳಿಪುಕ್ಕ ತೇಲುತ್ತಿತ್ತು. ಗುಂಡು ಇರಲಿಲ್ಲ. ಮಿಕ್ಸಿ ಬಂದ ಮೇಲೆ ಆ ಒರಳಿನ ಕಡೆ ತಿರುಗಿ ನೋಡುತ್ತಿದ್ದದ್ದು ಕೋಳಿಗಳು ಮಾತ್ರ. ಹಾಗಾಗಿ ಅದರೊಳಗಿನ ಗುಂಡು ಹೋದದ್ದು ಯಾವಾಗ, ನಿನ್ನೆಯೋ, ಹೋದ ವರ್ಷವೋ, ಆ ಮನೆಯ ಹೆಂಗಸರಿಗೆ ಗೊತ್ತಿರಲಿಲ್ಲ.

ಗೊತ್ತಾಗಲೇಬೇಕಾದ ದಿನ ಅದಾಗಿತ್ತು. ಕಿರಿಸೊಸೆ ಶಿಲ್ಪ ತವರಿನಿಂದ ಬಾಣಂತನ ಮುಗಿಸಿಕೊಂಡು ಗಂಡುಮಗುವಿನ ಜೊತೆ ಹಿಂದಿನ ದಿನ ಬಂದಿಳಿದಿದ್ದಳು. ಇವತ್ತು ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಈ ಸೀಮೆಯಲ್ಲಿ ಮಗುವಿಗಿಂತ ಮುಂಚೆ ತೊಟ್ಟಿಲಲ್ಲಿ ಮಲಗುವುದು ಮನೆಯ ರುಬ್ಬುಗುಂಡು. ಅದಕ್ಕೆ ಎಣ್ಣೆ ಹಚ್ಚಿ, ನೀರು ಹಾಕಿ, ತಲೆಗೆ ಕುಲಾವಿ ಕಟ್ಟಿ, ಕಾಡಿಗೆ ಬೊಟ್ಟಿಟ್ಟು, ಮುತ್ತೈದೆಯರು ತೊಟ್ಟಿಲ ಮೇಲಿಂದ ಕೆಳಗಿಂದ ದಾಟಿಸಿ, ಮಲಗಿಸಿ ತೂಗುತ್ತಾರೆ. ಬೀಳುವ ದೃಷ್ಟಿಯೆಲ್ಲ ಕಲ್ಲಿನ ಮೇಲೆ ಬೀಳಲಿ, ಅದರ ಹಿಂದೆ ಮಲಗುವ ಕೂಸು ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ ಎಂದು. ಅದು ಆ ಮನೆಯದೇ ಕಲ್ಲಾಗಬೇಕು. ಎರವಲು ಕಲ್ಲು ತಂದರೆ ಎರವಲು ಆಯುಸ್ಸು ಅನ್ನುವ ಮಾತಿದೆ.

"ನಾನು ನೋಡಿಲ್ಲ ಅತ್ತೆ," ಅಂದಳು ಬಿಂದುಶ್ರೀ.

"ನೋಡಿಲ್ವಂತೆ. ದಿನಾ ಇದೇ ನಲ್ಲಿ ಹತ್ರ ಕೂತ್ಕೊಂಡು ಪಾತ್ರೆ ತಿಕ್ಕೋಳು ನೀನು. ಅಷ್ಟು ದಪ್ಪ ಕಲ್ಲು ಕಾಣಲಿಲ್ವಾ?"

"ನೀವೂ ದಿನಾ ಇಲ್ಲೇ ಕೋಳಿಗೆ ಕಾಳು ಹಾಕ್ತೀರಲ್ಲ, ನಿಮಗೆ ಕಂಡಿತ್ತಾ?"

ಆ ಮಾತು ಬಾಯಿಂದ ಜಾರಿದ ಮೇಲೆ ಬಿಂದುಶ್ರೀಗೆ ತಿಳಿಯಿತು, ಇವತ್ತು ಇದು ಇಲ್ಲಿಗೆ ನಿಲ್ಲುವುದಿಲ್ಲ ಎಂದು. ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಶಿಲ್ಪನ ತಾಯಿ ಗಂಗಲಕ್ಷ್ಮಮ್ಮ ಕಾಣಿಸಿಕೊಂಡಳು. ಬೀಗಿತ್ತಿಯ ಎದುರಿಗೆ ಮನೆಯ ಮಾನ ಹೋಗಬಾರದು. ಹೋಗುವ ಹಾಗಿದ್ದರೆ ಅದಕ್ಕೆ ಯಾರಾದರೂ ಒಬ್ಬರು ಕಾರಣ ಆಗಬೇಕು.

"ಏನ್ ಬೀಗಿತ್ತಿ, ಗುಂಡಪ್ಪ ಸಿಗಲಿಲ್ವಾ? ನಮ್ಮನೇಲಾದ್ರೆ ಒಂದು ನೆಲ್ಲಿಕಾಯಿ ಇಟ್ರೂ ಇಟ್ಟ ಕಡೇನೇ ಸಿಕ್ತದೆ."

"ಸಿಗದೇ ಏನು? ಇದ್ದ ಕಡೆ ಇದ್ದೇ ಐತೆ," ಅಂದಳು ಭಾಗ್ಯಮ್ಮ. ಆಮೇಲೆ ಸೊಸೆಯ ಕಡೆ ತಿರುಗಿದಳು. ದನಿ ಇಳಿಯಿತು, ಇಳಿದ ದನಿ ಏರಿದ ದನಿಗಿಂತ ಹರಿತವಾಗಿತ್ತು. "ನೋಡಮ್ಮೀ, ಈ ಮನೇಲಿ ತೊಟ್ಟಿಲು ಕಟ್ಟಿದ್ರೆ ಹೊಟ್ಟೆ ಉರಿಯೋದು ಒಬ್ಬಳಿಗೇ. ಎಲ್ಲಿ ಬಚ್ಚಿಟ್ಟಿದ್ದೀಯೋ ಅಲ್ಲಿಂದ ತಂದಿಡು. ಕಲ್ಲು ಬಾರದೆ ನೀನು ಹಟ್ಟಿ ಒಳಗೆ ಕಾಲಿಡಬೇಡ."

ಬಿಂದುಶ್ರೀ ಕೈಯಲ್ಲಿದ್ದ ತೆಂಗಿನ ನಾರನ್ನು ತಪ್ಪಲೆಯೊಳಗೆ ಬಿಟ್ಟಳು. ಅಳು ಬರಲಿಲ್ಲ. ಅಳುವುದನ್ನು ಆಕೆ ಆ ಮನೆಯಲ್ಲಿ ಬಿಟ್ಟು ಬಹಳ ದಿನವಾಗಿತ್ತು.

ಮೂರು ವರ್ಷದ ಹಿಂದೆ ಆಕೆ ಬಸುರಿಯಾಗಿದ್ದಳು. ಐದು ತಿಂಗಳು ತುಂಬಿತ್ತು. ತವರು ಬೂದಿಗೆರೆಯಲ್ಲಿ ಅಪ್ಪನಿಗೆ ಹುಷಾರಿಲ್ಲವೆಂದು ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬಂದಳು. ವಾರದೊಳಗೆ ಹೊಟ್ಟೆನೋವು ಬಂತು. ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಎಲ್ಲ ಮುಗಿದಿತ್ತು. ಬಸ್ಸಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರಮ್ಮ ಭಾಗ್ಯಮ್ಮನ ಎದುರಿಗೇ ಹೇಳಿದರು. ಭಾಗ್ಯಮ್ಮ ತಲೆಯಾಡಿಸಿದಳು. ಊರಿಗೆ ಬಂದು, "ಬಸ್ಸಲ್ಲಿ ಕುಲುಕಿಸ್ಕೊಂಡು ಕಳ್ಕೊಂಡ್ಳು" ಅಂತ ಕೇಳಿದವರಿಗೆಲ್ಲ ಹೇಳಿದಳು.

ಹೆಣ್ಣುಮಗು ಎಂದು ನರ್ಸ್ ಒಬ್ಬಳು ಹೇಳಿದ್ದಷ್ಟೇ ಬಿಂದುಶ್ರೀಗೆ ಗೊತ್ತು. ಮಂಪರು ಇಳಿದು ಆಕೆ ಕಣ್ಣು ಬಿಟ್ಟಾಗ ಬಟ್ಟೆಯಲ್ಲಿ ಸುತ್ತಿದ್ದನ್ನು ಮಾವ ಊರಿಗೆ ತೆಗೆದುಕೊಂಡು ಹೋಗಿ, ಮಣ್ಣು ಮಾಡಿ, ಸ್ನಾನವೂ ಮಾಡಿ ಆಗಿತ್ತು. "ಎಲ್ಲಿ?" ಎಂದು ಕೇಳಿದಳು.

"ಎಲ್ಲೋ ಒಂದು ಕಡೆ. ನಿಂಗ್ಯಾಕೆ ಅದು?" ಅಂದಿದ್ದಳು ಭಾಗ್ಯಮ್ಮ. "ಹೆತ್ತೋಳು ಆ ಮಣ್ಣು ನೋಡಬಾರದು. ನೋಡಿದ್ರೆ ಕೂಸು ಸೆರಗು ಹಿಡ್ಕೊಂಡು ಹಿಂದೆ ಬತ್ತದೆ. ಮತ್ತೆ ಹೊಟ್ಟೆ ಕಟ್ಟಲ್ಲ."

ಹಿರಿಯರ ಮಾತು. ಬಿಂದುಶ್ರೀ ಮೊದಲ ವರ್ಷ ಅದನ್ನು ನಂಬಿದಳು. ನೋಡದೆ ಇದ್ದರೆ ಇನ್ನೊಂದು ಸಿಗುತ್ತದೆ ಅನ್ನುವುದಾದರೆ ನೋಡದೆ ಇರೋಣ ಎಂದು ಮನಸ್ಸನ್ನು ಕಟ್ಟಿಹಾಕಿದಳು. ಹೊಲದ ಕಡೆ ಹೋಗುವಾಗ ತಲೆ ತಗ್ಗಿಸಿ ನಡೆದಳು, ಎಲ್ಲಾದರೂ ಕಂಡುಬಿಟ್ಟರೆ ಎಂದು. ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತು ನಾಗರಕಲ್ಲು ನಿಲ್ಲಿಸಿದಳು. ಅಲ್ಲಿ ಸಾಲುಸಾಲಾಗಿ ನಿಂತ ಕಲ್ಲುಗಳ ನಡುವೆ ತನ್ನದು ಯಾವುದು ಎಂದು ಎರಡನೆಯ ಸಲ ಹೋದಾಗ ಗುರುತೇ ಸಿಗಲಿಲ್ಲ. ಡಾಕ್ಟರಮ್ಮ ಕೊಟ್ಟ ಗುಳಿಗೆ ನುಂಗಿದಳು, ಸ್ಕ್ಯಾನಿಂಗಿಗೆ ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತಿದಳು. ಗಂಡ ಸುನಿಲ್‌ಕುಮಾರನೂ ಹಿಂದೆಮುಂದೆ ನೋಡಿ ಕೊನೆಗೆ ಪರೀಕ್ಷೆ ಮಾಡಿಸಿಕೊಂಡ. "ಇಬ್ಬರಲ್ಲೂ ಏನೂ ತೊಂದರೆ ಇಲ್ಲಮ್ಮ. ಮನಸ್ಸು ಹಗುರ ಇಟ್ಕೊಳ್ಳಿ," ಅಂದರು ಡಾಕ್ಟರಮ್ಮ. ತೊಂದರೆ ಇದ್ದಿದ್ದರೆ ಅದಕ್ಕೊಂದು ಹೆಸರಾದರೂ ಇರುತ್ತಿತ್ತು. ಇಲ್ಲದ ತೊಂದರೆಯನ್ನು ಹೊತ್ತು ಮನಸ್ಸು ಹಗುರ ಮಾಡಿಕೊಳ್ಳುವುದು ಹೇಗೆ ಎಂದು ಯಾರೂ ಹೇಳಿಕೊಡಲಿಲ್ಲ.

ಆ ಮನೆಯಲ್ಲಿ ಸಂಜೆ ದೇವರ ದೀಪ ಹಚ್ಚುವುದು ಹಿರಿಸೊಸೆಯ ಕೆಲಸ. ತಿಂಗಳಿಗೊಮ್ಮೆ ಆಕೆ ದೇವರಮನೆಯ ಹೊಸ್ತಿಲು ತುಳಿಯದ ದಿನ ಬರುತ್ತಿತ್ತು. ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಇಡೀ ಮನೆಗೆ ತಿಳಿಯುತ್ತಿತ್ತು. ಭಾಗ್ಯಮ್ಮ ನಡುಮನೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಕೂತು ಬತ್ತಿ ಹೊಸೆಯುತ್ತಾ, "ಈ ತಿಂಗಳೂ ದೀಪ ನಾನೇ ಹಚ್ಚಬೇಕಾಯ್ತು, ಶಿವನೇ" ಅನ್ನುತ್ತಿದ್ದಳು. ಅಷ್ಟೇ. ಬೈಗುಳ ಅಲ್ಲ, ಏನಲ್ಲ. ದೇವರ ಜೊತೆ ಆಡಿದ ಮಾತು. ದೇವರ ಜೊತೆ ಆಡಿದ ಮಾತಿಗೆ ಸೊಸೆ ಏನೆಂದು ಎದುರಾಡಬೇಕು?

ಎರಡನೆಯ ವರ್ಷ ಬಿಂದುಶ್ರೀ ಮತ್ತೆ ಕೇಳಲು ಶುರುಮಾಡಿದಳು. ನೋಡದೆ ಇದ್ದರೂ ಕಟ್ಟಲಿಲ್ಲವಲ್ಲ, ಇನ್ನು ಯಾವುದಕ್ಕೆ ಹೆದರಬೇಕು? ಒಮ್ಮೆ ಆ ಜಾಗದಲ್ಲಿ ಕೂತು ಎದ್ದು ಬಂದರೆ ಸಾಕು ಅನ್ನಿಸುತ್ತಿತ್ತು. ಗಂಡನನ್ನು ಕೇಳಿದರೆ, "ನಂಗೂ ಗೊತ್ತಿಲ್ಲ ಕಣೇ. ನಾನು ಕೇಳಲಿಲ್ಲ" ಅಂದ. ಅತ್ತೆ, "ನಿಮ್ಮಾವನ್ನ ಕೇಳು" ಅಂದಳು. ಮಾವ ಮಾತು ಕಡಿಮೆಯ ಮನುಷ್ಯ. ಜೋರಾಗಿ ಒಂದು ಮಾತು ಆಡಿದವನಲ್ಲ. ಆಕೆ ಕೊಟ್ಟ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, "ಬಿಡಮ್ಮ. ಆಗಿದ್ದು ಆಗೋಯ್ತು" ಅನ್ನುತ್ತಿದ್ದ. ಒಳ್ಳೆಯ ಮನುಷ್ಯ ಎಂದು ಊರೆಲ್ಲ ಹೇಳುತ್ತಿತ್ತು. ಬಿಂದುಶ್ರೀಯೂ ಹಾಗೇ ಅಂದುಕೊಂಡಿದ್ದಳು.

ಹಿತ್ತಲಿನ ಬೇಲಿ ತಡಿಕೆ ಕಿರುಗುಟ್ಟಿತು. ಅಪ್ಪಯ್ಯಣ್ಣ ಮಂಜಿನೊಳಗಿಂದ ಒಳಗೆ ಬಂದ.

"ಬಂದ್ರಾ? ನೋಡಿ ನಿಮ್ಮ ಸೊಸೆ ಸಂಪತ್ತು," ಭಾಗ್ಯಮ್ಮ ಅವನ ಮೇಲೆ ಬಿದ್ದಳು. "ಒರಳಿನ ಗುಂಡು ಕಾಣ್ತಿಲ್ಲ. ಎಲ್ಲೋ ಬಾವಿಗೆ ಹಾಕವ್ಳೆ. ನಿಮಗೇನಾದ್ರೂ ಗೊತ್ತಾ?"

ಅಪ್ಪಯ್ಯಣ್ಣ ಒರಳನ್ನು ನೋಡಿದ. ಬೀಗಿತ್ತಿಯನ್ನು ನೋಡಿದ. ಬಿಂದುಶ್ರೀಯನ್ನು ನೋಡಲಿಲ್ಲ.

"ನೀವೇ ಹುಡುಕ್ಕೊಳ್ಳಿ. ನಂಗೆ ಅಂಗಳಕ್ಕೆ ಚಪ್ಪರ ಎಳೀಬೇಕು," ಅಂದು ಮುಂದಕ್ಕೆ ಹೋದ.

ಅವನು ದಾಟಿ ಹೋಗುವಾಗ ಬಿಂದುಶ್ರೀ ಅವನ ಕಾಲು ನೋಡಿದಳು. ಪಂಚೆ ಮೊಣಕಾಲಿನವರೆಗೂ ಒದ್ದೆಯಾಗಿ ಕಾಲಿಗೆ ಅಂಟಿತ್ತು. ಅದರ ತುಂಬ ಉತ್ತರಾಣಿ ಬೀಜ. ಇಬ್ಬನಿ ಬಿದ್ದ ಹುಲ್ಲಿನಲ್ಲಿ ಬಹಳ ದೂರ ನಡೆದವನ ಕಾಲದು. ತೊಟ್ಟಿಲು ಶಾಸ್ತ್ರದ ದಿನ, ಹಾಲು ಕರೆಯುವುದಕ್ಕೂ ಮುಂಚೆ, ಈ ಮಂಜಿನಲ್ಲಿ, ಕೊಯ್ಲೇ ಶುರುವಾಗದ ಹೊಲದಲ್ಲಿ ಈ ಮನುಷ್ಯನಿಗೆ ಏನು ಕೆಲಸವಿತ್ತು?

"ಏನ್ ನಿಂತಿದ್ದೀಯಾ? ಹೋಗು, ಹುಡುಕು," ಅಂದಳು ಭಾಗ್ಯಮ್ಮ.

"ಹೋಗ್ತೀನಿ ಅತ್ತೆ," ಅಂದು ಬಿಂದುಶ್ರೀ ಸೆರಗು ಸೊಂಟಕ್ಕೆ ಸಿಕ್ಕಿಸಿ ತಡಿಕೆ ತೆರೆದಳು. ಅಂಗಳದ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಇಳಿಸುತ್ತಿದ್ದ ಸುನಿಲ್ ಓಡಿಬಂದು, "ಇವತ್ತೊಂದಿನ ಸುಮ್ನಿರು ಬಿಂದು. ಜನ ಬರ್ತಾರೆ" ಅಂದ. "ಇಷ್ಟು ದಿನ ಸುಮ್ನೇ ಇದ್ದೆನಲ್ಲ," ಅಂದು ಆಕೆ ನಡೆದಳು.

ಮಂಜಿನಲ್ಲಿ ಹತ್ತು ಮಾರು ಆಚೆ ಏನೂ ಕಾಣುತ್ತಿರಲಿಲ್ಲ. ಕಾಣಬೇಕಾದದ್ದು ಕಾಲಬುಡದಲ್ಲೇ ಇತ್ತು. ಬದುವಿನ ಹುಲ್ಲೆಲ್ಲ ಇಬ್ಬನಿಯಿಂದ ಬೆಳ್ಳಗಿದ್ದರೆ, ನಡುವೆ ಒಬ್ಬ ಮನುಷ್ಯ ಹೋಗಿ ಬಂದಷ್ಟು ಅಗಲಕ್ಕೆ ಇಬ್ಬನಿ ಒಡೆದು ಹಸಿರು ಗೆರೆಯೊಂದು ಎದ್ದಿತ್ತು. ಆಕೆ ಆ ಗೆರೆಯನ್ನು ಹಿಡಿದಳು. ಅದು ರಾಗಿ ಹೊಲದ ಅಂಚಿನಲ್ಲಿ ಹೋಯಿತು, ಪಕ್ಕದವರ ಅವರೆ ಸಾಲನ್ನು ಬಳಸಿತು, ಮಳೆನೀರು ನಿಂತ ಕಾಲುವೆಯನ್ನು ದಾಟಿತು, ಕೊನೆಗೆ ಹೊಲದ ಮೂಲೆಯ ಹೊಂಗೆಮರದ ಬುಡಕ್ಕೆ ಬಂದು ನಿಂತಿತು.

ಅಲ್ಲಿ ಗುಂಡು ಇತ್ತು.

ಅರ್ಧ ಮಣ್ಣಿನಲ್ಲಿ ಹೂತುಕೊಂಡು, ಅರ್ಧ ಮೇಲೆ. ಸುತ್ತ ಹುಲ್ಲು ಕಿತ್ತು ಚೊಕ್ಕಟ ಮಾಡಿತ್ತು. ಕಲ್ಲಿನ ಮೇಲೆ ಹಳೆಯ ಅರಿಶಿನದ ಕಲೆ, ಅದರ ಪಕ್ಕದಲ್ಲಿ ಆಗಷ್ಟೇ ಮುರಿದಿಟ್ಟ ಒಂದು ರಾಗಿ ತೆನೆ. ಈ ವರ್ಷದ ಮೊದಲ ತೆನೆ.

ಬಿಂದುಶ್ರೀ ಕೂತಳು. ಒದ್ದೆ ಮಣ್ಣಿನ ಮೇಲೆ ಕೈಯಿಟ್ಟಳು. "ಇಲ್ಲಿದ್ದೀಯಾ" ಅಂದಳು, ಪಕ್ಕದ ಮನೆಗೆ ಆಡಲು ಹೋದ ಮಗುವನ್ನು ಹುಡುಕಿಕೊಂಡು ಬಂದವಳ ಹಾಗೆ. ಹೊಂಗೆ ಎಲೆಗಳಿಂದ ಹನಿ ತೊಟ್ಟಿಕ್ಕುತ್ತಿತ್ತು. ದೇವರು ಒಂದೊಂದು ಸಲ ಮನುಷ್ಯರನ್ನು ಹೀಗೆ ಒಂಟಿಯಾಗಿ ಕೂರಿಸಿ, ತಾನು ಆಚೆ ನಿಂತು ಕಾಯುತ್ತಾನೆ. ಎಷ್ಟು ಹೊತ್ತು ಕಾದನೋ ತಿಳಿಯದು. ಎದ್ದಾಗ ಬಿಂದುಶ್ರೀಯ ಎದೆಯಲ್ಲಿ ದುಃಖ ಇದ್ದ ಜಾಗದಲ್ಲಿ ಸಿಟ್ಟು ಕೂತಿತ್ತು.

ಅತ್ತೆಯ ಮೇಲಲ್ಲ. ಅತ್ತೆ ಬೆಂಕಿ; ಮುಟ್ಟಿದರೆ ಸುಡುತ್ತದೆ ಎಂದು ಗೊತ್ತು. ಇವನು! ಇಲ್ಲಿಗೆ ಬಂದು ಹುಲ್ಲು ಕಿತ್ತು, ಅರಿಶಿನ ಹಚ್ಚಿ, ಮೊದಲ ತೆನೆ ಇಟ್ಟು, ಮನೆಗೆ ಬಂದು ಆಕೆಯ ಕೈಯಿಂದಲೇ ಕಾಫಿ ಕುಡಿದು, "ಬಿಡಮ್ಮ" ಅಂದವನು. ಹೆತ್ತವಳು ಮಾಡಬೇಕಾದದ್ದನ್ನೆಲ್ಲ ತಾನು ಮಾಡಿಕೊಂಡು, ಹೆತ್ತವಳನ್ನು ತಲೆ ತಗ್ಗಿಸಿ ನಡೆಯಲು ಬಿಟ್ಟವನು. ಇವತ್ತು ತನ್ನ ಕಣ್ಣೆದುರಿಗೇ ಆಕೆಯ ಮೇಲೆ ಕಳ್ಳತನ ಹೊರಿಸಿದಾಗಲೂ ಚಪ್ಪರ ಎಳೆಯಲು ಹೋದವನು.

'ಕಲ್ಲು ಬೇಕಲ್ಲ ಇವರಿಗೆ? ಕೊಡ್ತೀನಿ.'

ಆಕೆ ಎರಡೂ ಕೈಯಿಂದ ಗುಂಡನ್ನು ಅಲ್ಲಾಡಿಸಿ ಎಬ್ಬಿಸಿದಳು. ಅದರ ಕೆಳಗೆ ತೇವದ ಕೆಮ್ಮಣ್ಣು ಬಟ್ಟಲಿನ ಆಕಾರಕ್ಕೆ ಇಳಿದಿತ್ತು. ಅಲ್ಲಿ ಬದುವಿನ ಚಪ್ಪಡಿ ಕಲ್ಲುಗಳನ್ನು ಒತ್ತಾಗಿ ಜೋಡಿಸಿ, ಮೇಲೆ ಜಾಲಿಮುಳ್ಳು ಎಳೆದು ಮುಚ್ಚಿ, ಆ ತೆನೆಯನ್ನು ಮುಳ್ಳಿನ ನಡುವೆ ಸಿಕ್ಕಿಸಿದಳು. "ಈಗ ಬಂದೆ ಇರು," ಎಂದಳು.

ಗುಂಡು ಭಾರವಾಗಿತ್ತು. ಸೆರಗಿನಲ್ಲಿ ಸುತ್ತಿ ಹೊಟ್ಟೆಗೆ ಆನಿಸಿ ಹಿಡಿದರೆ ಮಾತ್ರ ಹೊರಲು ಆಗುತ್ತಿತ್ತು. ಒಂದು ಕೈ ಕೆಳಗೆ, ಒಂದು ಕೈ ಮೇಲೆ, ಬೆನ್ನು ಹಿಂದಕ್ಕೆ ಬಾಗಿಸಿ, ಹೆಜ್ಜೆ ಅಗಲಿಸಿ. ಹೀಗೆ ನಡೆಯಬೇಕಾದ ತಿಂಗಳುಗಳು ಆಕೆಗೆ ಬರುವ ಮುಂಚೆಯೇ ಹೋಗಿದ್ದವು. ಕಾಲುವೆ ದಾಟುವಾಗ ಒಂದು ಯೋಚನೆ ಬಂತು. ಇದನ್ನು ತೊಳೆದು ಇಟ್ಟರೆ ಯಾರಿಗೆ ಗೊತ್ತಾಗುತ್ತದೆ? ಮಣ್ಣಿನ ಮೇಲಿದ್ದ ಕಲ್ಲು ಶಿಲ್ಪನ ಮಗುವಿನ ತೊಟ್ಟಿಲಲ್ಲಿ ಮಲಗುತ್ತದೆ. ಮಲಗಲಿ. ನಿನ್ನೆ ಬಂದಿಳಿದಾಗಿನಿಂದ ಆ ಮಗುವನ್ನು ಒಂದು ಸಲ ಎತ್ತಿಕೊಳ್ಳಲು ಕೊಟ್ಟರಾ? "ಈಗಷ್ಟೇ ಮಲಗೈತೆ ಅಕ್ಕ, ಆಮೇಲೆ ಎತ್ಕೊಳ್ಳೋರಂತೆ," ಅಂದಿದ್ದಳು ಶಿಲ್ಪ. ಮಗು ಕಣ್ಣು ಬಿಟ್ಟುಕೊಂಡೇ ಇತ್ತು. ಆ ತೊಟ್ಟಿಲು ನನ್ನ ಮಗುವಿಗೂ ಸೇರಿದ್ದಲ್ಲವಾ?

ಯೋಚನೆ ಸಿಹಿಯಾಗಿತ್ತು. ಸಿಹಿಯಾಗಿದ್ದದ್ದಕ್ಕೇ ಬಿಂದುಶ್ರೀಗೆ ಭಯವಾಯಿತು. ಬದು ಬಿಟ್ಟು ರಸ್ತೆ ಹಿಡಿದು ಅರಳಿಕಟ್ಟೆಯ ಹತ್ತಿರ ಬಂದಾಗ, 'ಸ್ವಾಮಿ, ನಾನು ಬಾಯಿಬಿಡಲ್ಲ. ಬಿಡಬೇಕಾದವನು ಬಿಡಲಿ. ಅವನು ಬಿಡದಿದ್ರೆ ನನ್ನ ಕೈಲಿ ಏನು ಮಾಡಿಸ್ತೀಯೋ ನೀನೇ ನೋಡ್ಕೋ' ಎಂದು ನಾಗರಕಲ್ಲಿಗೆ ಹೇಳಿದಳು. ಅದು ಪ್ರಾರ್ಥನೆಯೋ ಬೆದರಿಕೆಯೋ ಆಕೆಗೂ ತಿಳಿದಿರಲಿಲ್ಲ.

ಕಟ್ಟೆಯ ಆಚೆಯಿಂದ ಮುದುಕಿ ನರಸಮ್ಮ ಕೋಲೂರುತ್ತಾ ಬಂದಳು. ಊರಿನ ತೊಟ್ಟಿಲು ಶಾಸ್ತ್ರಗಳಿಗೆಲ್ಲ ಹಾಡು ಹೇಳುವವಳು ಆಕೆ. "ಯಾರಮ್ಮೀ ಅದು, ಮಂಜಲ್ಲಿ ದಿನ ತುಂಬಿದ ಬಸುರಿ ಬಂದಂಗೆ ಬತ್ತಾವ್ಳೆ? ಓ, ನೀನಾ!" ಎಂದು ನಕ್ಕು, "ಏನದು ಸೆರಗಲ್ಲಿ? ಕಲ್ಲಾ? ಬಿಡು, ನಿಂಗೆ ಹೊರೋಕೆ ಕಲ್ಲಾದ್ರೂ ಸಿಕ್ತಲ್ಲ" ಅಂದಳು.

"ಹೌದಜ್ಜಿ, ಸಿಕ್ತು," ಅಂದಳು ಬಿಂದುಶ್ರೀ.

ಹಿತ್ತಲ ನಲ್ಲಿಯ ಕೆಳಗೆ ಗುಂಡನ್ನು ಇಟ್ಟು ತೊಳೆದಳು. ಅರಿಶಿನ ಹೋಯಿತು, ಮೈಯ ಮಣ್ಣು ಹೋಯಿತು. ನೆತ್ತಿಯಲ್ಲಿ ಮರದ ಹಿಡಿ ಕೂರಿಸುವ ಗುಳಿಯಿತ್ತು. ಅದರಲ್ಲಿ ಗಟ್ಟಿಯಾಗಿ ಕೂತ ಕೆಮ್ಮಣ್ಣನ್ನು ಆಕೆ ಕೆದಕಲಿಲ್ಲ. ಒಯ್ದು ನಡುಮನೆಯಲ್ಲಿ, ತೊಟ್ಟಿಲ ಕೆಳಗೆ ಹಾಸಿದ್ದ ಚಾಪೆಯ ಮೇಲೆ, ಅತ್ತೆಯ ಕಾಲ ಹತ್ತಿರ ಇಟ್ಟಳು.

"ತಗೊಳ್ಳಿ ನಿಮ್ಮ ಕಲ್ಲು."

ಭಾಗ್ಯಮ್ಮ ಒಂದು ಗಳಿಗೆ ಬೆಪ್ಪಾದಳು. ಮರುಗಳಿಗೆಗೆ ದನಿ ಸಿಕ್ಕಿತು. "ನೋಡಿದ್ರಾ ಬೀಗಿತ್ತಿ? ನಾನ್ ಹೇಳಲಿಲ್ವಾ? ಬಚ್ಚಿಟ್ಟೋರಿಗೇ ಗೊತ್ತಿರೋದು, ಎಲ್ಲೈತೆ ಅಂತ!"

"ಹೋಗ್ಲಿ ಬಿಡಿ, ಪಾಪ. ಅವಳ ಸಂಕಟ ಅವಳಿಗೆ," ಅಂದಳು ಗಂಗಲಕ್ಷ್ಮಮ್ಮ. ಬೈಗುಳಕ್ಕಿಂತ ಆ 'ಪಾಪ' ಜಾಸ್ತಿ ಚುಚ್ಚಿತು. ಶಿಲ್ಪ ಮಡಿಲಲ್ಲಿದ್ದ ಮಗುವಿನ ಮುಖದ ಮೇಲೆ ಮೆಲ್ಲಗೆ ಸೆರಗು ಎಳೆದಳು.

ಬಿಸಿಲು ಏರಿ ಮಂಜು ಕರಗುವ ಹೊತ್ತಿಗೆ ಮನೆ ತುಂಬಿತು. ಗಂಡಸರು ಜಗಲಿಯ ಮೇಲೆ, ಹೆಂಗಸರು ನಡುಮನೆಯಲ್ಲಿ. ಒಲೆಯ ಮೇಲೆ ಹಿದುಕಿದ ಅವರೆಬೇಳೆ ಸಾರು ಕುದಿಯುತ್ತಿತ್ತು, ಸೊಗಡು ಬೀದಿಯವರೆಗೂ ಹರಡಿತ್ತು. ತೊಲೆಗೆ ಹಗ್ಗ ಬಿಗಿದು ತೊಟ್ಟಿಲು ತೂಗುಹಾಕಿದ್ದರು. ಭಾಗ್ಯಮ್ಮ ತೊಟ್ಟಿಲ ಸುತ್ತ ಕೂರಲು ಮುತ್ತೈದೆಯರನ್ನು ಹೆಸರು ಹಿಡಿದು ಕರೆದಳು. ಬಿಂದುಶ್ರೀಯ ಹೆಸರು ಬರಲಿಲ್ಲ. "ನೀನು ಒಳಗೆ ಪಾಯಸ ತಳ ಹತ್ತದಂಗೆ ನೋಡ್ಕೋ."

ಬಿಂದುಶ್ರೀ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅಲ್ಲಿಂದ ತೊಟ್ಟಿಲೂ ಕಾಣುತ್ತಿತ್ತು, ಜಗಲಿಯೂ ಕಾಣುತ್ತಿತ್ತು. ಜಗಲಿಯ ಕಂಬಕ್ಕೆ ಒರಗಿ ಕೂತ ಮಾವನೂ ಕಾಣುತ್ತಿದ್ದ.

ಗುಂಡಿಗೆ ಎಣ್ಣೆ ಹಚ್ಚಿದರು. ಕುಲಾವಿ ಕಟ್ಟಿದರು. ಕಾಡಿಗೆ ಇಟ್ಟರು. ಗಂಗಲಕ್ಷ್ಮಮ್ಮ ಅದರ ಗಲ್ಲ ಸವರಿ ಮುತ್ತು ಕೊಟ್ಟು, "ಅಯ್ಯೋ ನನ್ ಗುಂಡಪ್ಪಾ, ಮೂಗು ಥೇಟ್ ಬೀಗರ ಮೂಗೇ" ಎಂದು ಜಗಲಿಯ ಕಡೆ ನೋಡಿ ಕೂಗಿದಳು. ಹೆಂಗಸರು ಹೋ ಎಂದು ನಕ್ಕರು. ಅಪ್ಪಯ್ಯಣ್ಣ ತಿರುಗಿ ನೋಡಿದ.

ಕುಲಾವಿ ಕಟ್ಟಿದ ಕಲ್ಲನ್ನು ನೋಡಿದ. ಇದೆಲ್ಲಿಂದ ಬಂತು ಅನ್ನುವ ಹಾಗೆ ಹುಬ್ಬು ಕೂಡಿತು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಬಿಂದುಶ್ರೀಯನ್ನು ನೋಡಿದ. ಆಕೆ ಕಣ್ಣು ಕೀಳಲಿಲ್ಲ. ಮಂಡಿಯವರೆಗೂ ಕೆಸರಾದ ತನ್ನ ಸೀರೆಯನ್ನು, ಅದಕ್ಕಂಟಿದ ಉತ್ತರಾಣಿ ಬೀಜಗಳನ್ನು ಅವನು ನೋಡಲಿ ಎಂದು ನೆಟ್ಟಗೆ ನಿಂತಳು. ಅಪ್ಪಯ್ಯಣ್ಣನ ಮುಖದಿಂದ ಬಣ್ಣ ಇಳಿಯಿತು.

ನರಸಮ್ಮ ಹಾಡು ಎತ್ತಿದಳು. ಭಾಗ್ಯಮ್ಮ ತೊಟ್ಟಿಲ ಈಚೆ, ಗಂಗಲಕ್ಷ್ಮಮ್ಮ ಆಚೆ. "ಕಲ್ಲು ತಗೊಳ್ಳಿ, ಕೂಸು ಕೊಡಿ," ಅಂದು ಭಾಗ್ಯಮ್ಮ ಗುಂಡನ್ನು ತೊಟ್ಟಿಲ ಮೇಲಿಂದ ದಾಟಿಸಿದಳು. ಗಂಗಲಕ್ಷ್ಮಮ್ಮ ಅದನ್ನು ಕೆಳಗಿನಿಂದ ಹಿಂದಕ್ಕೆ ಕೊಟ್ಟಳು. ಅಪ್ಪಯ್ಯಣ್ಣ ಟವಲನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದ. ಪಕ್ಕದವನು ಏನೋ ಕೇಳಿದ, ಅವನಿಗೆ ಕೇಳಿಸಲಿಲ್ಲ. ಗುಂಡು ಮತ್ತೆ ಮೇಲಿಂದ ಹೋಯಿತು. ಅವನು ಏಳಲಿಲ್ಲ.

'ಏಳಲ್ಲ ಇವನು,' ಅಂದುಕೊಂಡಳು ಬಿಂದುಶ್ರೀ. 'ಊರಿನ ಕಣ್ಣಲ್ಲಿ ಒಳ್ಳೆಯವನಾಗಿ ಉಳಿಯೋಕೆ ಮೊಮ್ಮಗನ್ನೂ ಮುಳುಗಿಸ್ತಾನೆ.' ಶಿಲ್ಪನ ಮಡಿಲಲ್ಲಿ ಮಗು ಸೆರಗನ್ನು ಕಾಲಿನಿಂದ ಒದ್ದು ಸರಿಸಿ, ಕಾಡಿಗೆ ಕಣ್ಣು ಅರಳಿಸಿ ತೊಲೆಯ ಕಡೆ ನೋಡುತ್ತಿತ್ತು. ಅದಕ್ಕೆ ಯಾರ ಮೇಲೂ ಸಿಟ್ಟಿರಲಿಲ್ಲ. ಬಿಂದುಶ್ರೀಯ ಕಾಲು ತಾನಾಗಿ ಹೊಸ್ತಿಲು ದಾಟಿತು. ಭಾಗ್ಯಮ್ಮ ಗುಂಡನ್ನು ತೊಟ್ಟಿಲೊಳಗೆ ಇಳಿಸಲು ಬಗ್ಗಿದ್ದಳು. ಬಿಂದುಶ್ರೀ ಬಾಯಿ ತೆರೆದಳು.

"ಭಾಗ್ಯಾ, ಕಲ್ಲು ಇಲ್ಲಿ ಕೊಡು."

ಅದು ಅಪ್ಪಯ್ಯಣ್ಣನ ದನಿ. ಆ ಶಾಸ್ತ್ರ ನಡೆಯುವಾಗ ಗಂಡಸರು ತೊಟ್ಟಿಲ ಹತ್ತಿರ ಬರುವ ಪದ್ಧತಿ ಇಲ್ಲ. ಅವನು ಕೂತ ಹೆಂಗಸರ ನಡುವೆಯೇ ದಾರಿ ಮಾಡಿಕೊಂಡು ಬಂದು ನಿಂತಿದ್ದ. ನರಸಮ್ಮನ ಹಾಡು ನಡುವೆಯೇ ನಿಂತಿತು.

"ಇದೇನ್ರೀ ಇದು, ಹೆಂಗಸರ ಮಧ್ಯಕ್ಕೆ?"

"ಅದು ತೊಟ್ಟಿಲಿಗೆ ಬರಲ್ಲ. ಕೊಡು."

"ಯಾಕೆ ಬರಲ್ಲ? ನಿಮ್ಮನ್ನ ತೂಗಿರೋ ಕಲ್ಲು, ನಿಮ್ಮ ಮಕ್ಕಳನ್ನ ತೂಗಿರೋ ಕಲ್ಲು."

"ಮೊಮ್ಮಗಳ ಮೇಲೆ ಇಟ್ಟಿದ್ದೆ," ಅಂದ ಅಪ್ಪಯ್ಯಣ್ಣ. ಅಷ್ಟು ಜನರೊಳಗೆ ಅದು ತುಂಬ ಸಣ್ಣ ದನಿ. "ಹೊಂಗೆಮರದ ಕೆಳಗೆ. ನಾಯಿ ನರಿ ಕೆದಕದೆ ಇರ್ಲಿ ಅಂತ. ಇವಳು ಬಚ್ಚಿಟ್ಟಿದ್ದಲ್ಲ, ನಾನು ಒಯ್ದಿದ್ದು. ಬೆಳಿಗ್ಗೆ ತರೋಣ ಅಂತ ಹೋದೆ. ಎತ್ತೋಕೆ ಕೈ ಬರಲಿಲ್ಲ."

ಭಾಗ್ಯಮ್ಮನ ಕಣ್ಣು ಕೈಯಲ್ಲಿದ್ದ ಗುಂಡಿನ ಮೇಲೆ ಬಿತ್ತು. ಕುಲಾವಿ ಜರುಗಿ ನೆತ್ತಿಯ ಗುಳಿ ಕಾಣುತ್ತಿತ್ತು. ಗುಳಿಯಲ್ಲಿ ಕೆಮ್ಮಣ್ಣು. ಆಕೆಯ ಹಿಡಿತ ಸಡಿಲಿತು. ಅಪ್ಪಯ್ಯಣ್ಣ ಗುಂಡನ್ನು ಈಸಿಕೊಳ್ಳದಿದ್ದರೆ ಅದು ಕಾಲ ಮೇಲೆ ಬೀಳುತ್ತಿತ್ತು.

"ಅಯ್ಯೋ ನನ್ನಪ್ಪನೇ!" ಗಂಗಲಕ್ಷ್ಮಮ್ಮ ಮೊಮ್ಮಗನನ್ನು ಶಿಲ್ಪನ ಮಡಿಲಿನಿಂದ ಬಾಚಿಕೊಂಡಳು. "ಸಮಾಧಿ ಕಲ್ಲಿಗೆ ಮುತ್ತು ಕೊಟ್ಬಿಟ್ಟೆನಲ್ಲೋ! ಇಂಥ ಮನೆಗಾ ನಾನು ಹೆಣ್ಣು ಕೊಟ್ಟಿದ್ದು?"

ಭಾಗ್ಯಮ್ಮನಿಗೆ ಈಗ ಹೋಗಲು ಒಂದೇ ದಾರಿ ಇತ್ತು. ಆಕೆ ಅದೇ ದಾರಿ ಹಿಡಿದಳು. "ಗೊತ್ತಿದ್ದೂ ಗೊತ್ತಿದ್ದೂ ತಂದಿಟ್ಟಳಲ್ಲ ಪಾಪಿ! ಎಳೇ ಕೂಸಿನ ತೊಟ್ಟಿಲಿಗೆ! ಇವಳ ಹೊಟ್ಟೆ ಬರಿದಾಗಿರೋದಕ್ಕೆ ಕಾರಣ ಕೇಳ್ತೀರಲ್ಲ, ಇದೇ ಕಾರಣ!"

"ಕಲ್ಲು ಕೇಳಿದ್ರಿ, ತಂದ್ಕೊಟ್ಟೆ," ಅಂದಳು ಬಿಂದುಶ್ರೀ. ಆಕೆಯ ದನಿ ಏರಲಿಲ್ಲ. "ತೊಟ್ಟಿಲೊಳಗೆ ಇಳಿಯೋಕೆ ನಾನೂ ಬಿಡ್ತಿರಲಿಲ್ಲ. ನಂಬೋದು ಬಿಡೋದು ನಿಮ್ಮಿಷ್ಟ. ನೀವು ಬೆಳಿಗ್ಗೆ ಕೇಳಿದ್ದನ್ನ ನಾನು ಬೆಳಿಗ್ಗೇನೇ ತಂದಿಟ್ಟೆ ಅತ್ತೆ. ನಾನು ಮೂರು ವರ್ಷದಿಂದ ಕೇಳಿದ್ದನ್ನ ನಂಗೆ ಯಾರು ಕೊಟ್ರಿ?"

ಬಾಗಿಲಲ್ಲಿ ಸುನಿಲ್ ನೀರಿನ ಜಗ್ಗು ಹಿಡಿದು ನಿಂತಿದ್ದ. ಜಗ್ಗಿನಿಂದ ನೀರು ಸುರಿಯುತ್ತಿದ್ದದ್ದು ಅವನಿಗೆ ಗೊತ್ತಾಗಲಿಲ್ಲ. ಒಳಗೆ ಪಾಯಸ ತಳ ಹತ್ತಿದ ವಾಸನೆ ಬಂತು. ಭಾಗ್ಯಮ್ಮ ಮುಖ ತಿರುಗಿಸಿ ಗೋಡೆಯ ಕಡೆ ನೋಡಿದಳು. ಆ ಮುಖದಲ್ಲಿ ಕರಗಿದ್ದು ಏನೂ ಇರಲಿಲ್ಲ. ನಾಳೆಯೂ ಆಕೆ ಅದೇ ಭಾಗ್ಯಮ್ಮ, ಮುಂದಿನ ತಿಂಗಳೂ ಬತ್ತಿ ಹೊಸೆಯುವವಳು. ಬಿಂದುಶ್ರೀಗೆ ಅದು ಗೊತ್ತಿತ್ತು. ಮುಂದಿನ ತಿಂಗಳು ಏನಾಗುತ್ತದೆ ಅನ್ನುವುದು ಮಾತ್ರ, ಯಾವತ್ತಿನ ಹಾಗೆ, ದೇವರಿಗೆ ಬಿಟ್ಟದ್ದು.

ಅಪ್ಪಯ್ಯಣ್ಣ ಗುಂಡನ್ನು ಎದೆಗೊತ್ತಿಕೊಂಡು ಆಕೆಯ ಮುಂದೆ ಬಂದು ನಿಂತ. ಮಡಿಲಕ್ಕಿ ಈಸಿಕೊಳ್ಳುವವರ ಹಾಗೆ ಬಿಂದುಶ್ರೀ ಸೆರಗು ಹರಡಿ ಮುಂದೆ ಹಿಡಿದಳು. ಅವನು ಜರುಗಿದ ಕುಲಾವಿಯನ್ನು ಸರಿಮಾಡಿದ. ಅದರ ದಾರ ಇನ್ನೊಮ್ಮೆ ಕಟ್ಟಿದ. ಆಮೇಲೆ ಬಗ್ಗಿ ಮೆಲ್ಲಗೆ, ಎಲ್ಲೂ ತಾಗದ ಹಾಗೆ, ಆಕೆಯ ಮಡಿಲಿಗೆ ಇಳಿಸಿದ.

"ತಲೆ ಕೆಳಗೆ ಕೈ ಕೊಡಮ್ಮ," ಅಂದ.